ಅಮ್ಮನ ಬದನೆ ಸಸಿಗಳು

“ಇವು ಮತ್ತೆ ಎದ್ದು ನಿಲ್ತಾವಾ?”

ಹಿತ್ತಲಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಗೋಡೆಯ ಮೇಲೊಂದು ಕಾಗೆ ಬಾಯಿ ತೆರೆದುಕೊಂಡು ಕೂತಿತ್ತು. ಆ ಬಿಸಿಲಿಗೆ ಅದಕ್ಕೂ ಕೂಗುವ ಮನಸ್ಸಿರಲಿಲ್ಲ. ಮಧ್ಯಾಹ್ನ ಒಂದೂವರೆ ಗಂಟೆ. ಬೈಂಡರ್ ಮರದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು, ಇಪ್ಪತ್ತೆರಡು ಬದನೆ ಸಸಿಗಳನ್ನು ನೋಡುತ್ತಿದ್ದ. ಪೆಟ್ಟಿಗೆಯ ಮಣ್ಣಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು.

ಆದದ್ದು ಇಷ್ಟೇ. ಕಪ್ಪು ಪೈಪು ಬೆಳಗಿನಿಂದ ಸಿಮೆಂಟು ಕಟ್ಟೆಯ ಮೇಲೆ ಹಾವಿನಂತೆ ಸುತ್ತಿಕೊಂಡು ಬಿಸಿಲಿಗೆ ಬಿದ್ದಿತ್ತು, ಹೊಟ್ಟೆಯ ತುಂಬ ಹಳೆಯ ನೀರು. ಊಟಕ್ಕೆಂದು ಮನೆಗೆ ಬಂದ ಬೈಂಡರ್ ಸಸಿಗಳು ತಲೆ ಬಾಗಿಸಿರುವುದನ್ನು ಕಂಡು, ಪೈಪಿನ ಬಾಯನ್ನು ಪೆಟ್ಟಿಗೆಯೊಳಗಿಟ್ಟು, ಓಡಿಹೋಗಿ ನಲ್ಲಿ ತಿರುಗಿಸಿದ. ತಿರುಗಿ ಬರುವಷ್ಟರಲ್ಲಿ ಪೆಟ್ಟಿಗೆ ತುಂಬಿ ಅಂಚು ಮೀರಿ ಹರಿಯುತ್ತಿತ್ತು. ಮಣ್ಣು ಸಮ ಮಾಡಲು ಬೆರಳಿಟ್ಟವನು ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ಮತ್ತೆ ಓಡಿ ನಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಪೈಪಿನಲ್ಲಿದ್ದ ಕುದಿನೀರೆಲ್ಲ ಸಸಿಗಳ ಬುಡಕ್ಕೆ ಇಳಿದಾಗಿತ್ತು.

ಸಂಜೆಯ ಹೊತ್ತಿಗೆ ಸಸಿಗಳು ಬೇಯಿಸಿ ಬಸಿದ ಸೊಪ್ಪಿನಂತೆ ಮಣ್ಣಿಗೆ ಅಂಟಿಕೊಂಡವು. ಎದ್ದು ನಿಲ್ಲಲಿಲ್ಲ.

ಆ ಸಸಿಗಳು ಅವನವಲ್ಲ, ಅತ್ತಿಗೆಯವು. ಹಿತ್ತಲು ಒಂದೇ, ಬಾಗಿಲು ಎರಡು. ಒಂದು ಬಾಗಿಲು ಅಣ್ಣ ತೀರಿಕೊಂಡ ಮೇಲೆ ಒಬ್ಬರೇ ಇರುವ ಅತ್ತಿಗೆಯದು, ಇನ್ನೊಂದು ಮದುವೆಯ ಗೋಜಿಗೇ ಹೋಗದ ಬೈಂಡರನದು. ಅಡಿಗೆ ಅತ್ತಿಗೆಯ ಒಲೆಯ ಮೇಲೆ, ಊಟ ಇಬ್ಬರದೂ ಹಿತ್ತಲ ಮೆಟ್ಟಿಲ ಮೇಲೆ. ಬೀದಿಯ ತುದಿಯಲ್ಲಿ ಅವನದೊಂದು ಪುಟ್ಟ ಅಂಗಡಿ. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಗೋಂದು ಬಳಿದು, ರಟ್ಟು ಕಟ್ಟುವ ಕೆಲಸ. ಹೆಸರು ಹಿಡಿದು ಕರೆಯುವವರು ಕಡಿಮೆಯಾಗುತ್ತ ಬಂದು, ಐವತ್ತೈದು ದಾಟುವ ಹೊತ್ತಿಗೆ ಅವನು ಬರೀ ಬೈಂಡರ್ ಆಗಿದ್ದ.

ಆ ಬದನೆಯಾದರೂ ಎಂಥ ಬದನೆ! ಅವನ ಅಮ್ಮ ಬೆಳೆಸುತ್ತಿದ್ದ ತಳಿ. ಮುಷ್ಟಿಯಷ್ಟೇ ಗಾತ್ರ, ತಿಳಿಹಸಿರು ಮೈ, ಅದರ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಗೀರು. ಅಮ್ಮ ಸಾಯುವ ವರ್ಷ ಬೀಜದ ಪೊಟ್ಟಣವನ್ನು ಮಗನ ಕೈಗೆ ಕೊಡಲಿಲ್ಲ, ಮಗಳ ಕೈಗೂ ಕೊಡಲಿಲ್ಲ, ಸೊಸೆಯ ಕೈಗಿತ್ತಳು. “ಇವನಿಗೆ ಕೊಟ್ರೆ ಪುಸ್ತಕದೊಳಗೆ ಇಟ್ಟು ಮರೀತಾನೆ” ಅಂದಿದ್ದಳಂತೆ. ಅಂದಿನಿಂದ ಇಪ್ಪತ್ತೊಂಬತ್ತು ಬೇಸಿಗೆ ಅತ್ತಿಗೆ ಆ ತಳಿಯನ್ನು ಕೈಬಿಟ್ಟಿರಲಿಲ್ಲ. ಪ್ರತಿ ವರ್ಷ ಒಳ್ಳೆಯ ಗಿಡದ ಒಳ್ಳೆಯ ಕಾಯಿಗೆ ಬಟ್ಟೆಯ ಚೂರು ಕಟ್ಟಿ ಹಣ್ಣಾಗಲು ಬಿಡುವುದು, ಬೀಜ ತೊಳೆದು ನೆರಳಲ್ಲಿ ಒಣಗಿಸುವುದು, ಮುಂದಿನ ವರ್ಷ ಬಿತ್ತುವುದು. ಹೋದ ವರ್ಷ ಬೀಜಕ್ಕೆ ಬಿಟ್ಟ ಕಾಯಿಗಳಿಗೆಲ್ಲ ಹುಳ ಬಿದ್ದು ಒಂದೇ ಒಂದು ಉಳಿದಿತ್ತು. ಅದೂ ಅರ್ಧ ಕೊಳೆತು ಸಿಕ್ಕಿದ ಸ್ವಲ್ಪ ಬೀಜವನ್ನೆಲ್ಲ ಈ ಸಲ ಪೆಟ್ಟಿಗೆಗೆ ಹಾಕಿದ್ದರು. ಡಬ್ಬಿಯಲ್ಲಿ ಒಂದು ಕಾಳೂ ಇಟ್ಟುಕೊಂಡಿರಲಿಲ್ಲ.

ಸಸಿ ನಾಲ್ಕೆಲೆ ಬಿಟ್ಟ ಹೊತ್ತಿಗೆ ಅತ್ತಿಗೆಯ ತಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಹನ್ನೆರಡು ದಿನ ಅಲ್ಲಿರಬೇಕಾಗಿ ಬಂತು. ಹೊರಡುವ ಮುಂಚೆ ಬೈಂಡರನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಶಾಲೆಯ ಮಗುವಿಗೆ ಹೇಳುವಂತೆ ಹೇಳಿದ್ದರು.

“ನೋಡಪ್ಪ, ಬೆಳಿಗ್ಗೆ ಏಳರೊಳಗೆ. ಚೊಂಬಲ್ಲೇ ಹಾಕ್ಬೇಕು. ಪೈಪು ಮುಟ್ಬೇಡ. ನಿಮ್ಮಮ್ಮ ಹ್ಯಾಗೆ ಹಾಕ್ತಿದ್ರು ನೆನಪಿದೆಯಲ್ಲ?”

ನೆನಪಿತ್ತು. ಅಮ್ಮ ಒಂದೊಂದು ಸಸಿಗೂ ಒಂದೊಂದು ಪದ್ಯ ಹೇಳುತ್ತ ನೀರು ಹಾಕುತ್ತಿದ್ದಳು. ದಾರದಂಥ ಧಾರೆ, ಪದ್ಯ ಮುಗಿದರೆ ಆ ಸಸಿಗೆ ಸಾಕು. ಅತ್ತಿಗೆಗೆ ಪದ್ಯ ಬಾರದು. ಆದರೆ ಆ ಅಳತೆ ಬರುತ್ತಿತ್ತು. ತುಟಿ ಆಡಿಸದೆ, ಪದ್ಯದಷ್ಟು ಹೊತ್ತು ಕೈ ಬಾಗಿಸಿ, ನಿಲ್ಲಿಸುತ್ತಿದ್ದರು. ಬೈಂಡರನಿಗೆ ಪದ್ಯಗಳೆಲ್ಲ ಬಾಯಿಪಾಠ, ನೀರು ಹಾಕುವುದೊಂದು ಬಾರದು.

“ಅತ್ತಿಗೆ, ನೀವು ಹೋಗಿ ಬನ್ನಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ.”

“ಕಣ್ಣು ಅಲ್ಲಿ ನನ್ನ ತಮ್ಮಂದು ಸಾಕು. ನೀನು ನೀರು ಹಾಕು.”

ಎರಡು ದಿನ ಹಾಕಿದ. ಮೂರನೆಯ ದಿನ ಗ್ರಂಥಾಲಯದ ಹಾಲಿನಲ್ಲಿ ಬೆಳಗಿನ ಓದು ಶುರುವಾಯಿತು. ವರ್ಷಕ್ಕೊಮ್ಮೆ ಹದಿನೈದು ದಿನ, ಒಬ್ಬರು ಹಳೆಯ ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಆರಕ್ಕೇ ಹೋದರೆ ಮುಂದಿನ ಸಾಲು, ಫ್ಯಾನಿನ ಕೆಳಗೆ. ಬೈಂಡರನಿಗೆ ಓದು ಎಂದರೆ ಪ್ರಾಣ. ಅಮ್ಮನ ಮಡಿಲಲ್ಲಿ ಕೇಳಿ ಬೆಳೆದ ಕಿವಿ ಅದು. ಕೇಳಿದಷ್ಟೂ ಮನುಷ್ಯನ ಪಾಪ ಸವೆಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು, ಅವನು ನಂಬಿದ್ದ. ಬಂದು ನೀರು ಹಾಕಿದರಾಯಿತು ಎಂದುಕೊಂಡು ಹೋದ. ಅಲ್ಲಿಂದ ಹಾಗೇ ಅಂಗಡಿ. ಸಂಜೆ ಹಾಕಿದರಾಯಿತು ಎಂದುಕೊಂಡ. ಸಂಜೆ ಯಾವುದೋ ಕಚೇರಿಯ ರಿಜಿಸ್ಟರುಗಳು ಬಂದು ಕೂತವು. ಮಾರನೆಯ ದಿನವೂ ಅದೇ ಹಾಡು. ಮೂರು ದಿನ ಅತ್ತಿಗೆ ಕಟ್ಟಿಹೋಗಿದ್ದ ಹಳೆ ಬೆಡ್‌ಶೀಟಿನ ನೆರಳು, ಅವರು ಬುಡಕ್ಕೆ ಹರಡಿದ್ದ ಒಣ ಎಲೆ, ಇವೇ ಸಸಿಗಳನ್ನು ಕಾದವು. ಆರನೆಯ ದಿನ ಓದಿನಲ್ಲಿ ಬಂದದ್ದು ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟ ರಾಜನ ಪ್ರಸಂಗ. ಬೈಂಡರ್ ಕರ್ಚೀಫು ಒದ್ದೆಯಾಗುವಷ್ಟು ಅತ್ತ. ಆವತ್ತೇ ಮಧ್ಯಾಹ್ನ ಮನೆಗೆ ಬಂದು ಪೈಪು ಹಿಡಿದದ್ದು.

ಅತ್ತಿಗೆಗೆ ಫೋನು ಮಾಡಿ ಹೇಳಬೇಕಿತ್ತು. ಫೋನು ಕೈಗೆತ್ತಿಕೊಂಡೂ ಇದ್ದ. ಆದರೆ ಬೈಂಡರನ ಕೈಗೊಂದು ಹಳೆಯ ಚಾಳಿ ಇತ್ತು. ಯಾರಾದರೂ ಪುಟ ಹರಿದುಹೋದ ಪುಸ್ತಕ ತಂದರೆ, ಅದೇ ಪುಸ್ತಕದ ಇನ್ನೊಂದು ಪ್ರತಿಯಿಂದ ಆ ಪುಟ ಬಿಡಿಸಿ, ಅಂಚಿಗೆ ನವಿರಾಗಿ ಗೋಂದು ಬಳಿದು ಸೇರಿಸುತ್ತಿದ್ದ. ಅಂಚಿನ ಹಳದಿ ಬಣ್ಣವನ್ನೂ ಚಹಾ ಡಿಕಾಕ್ಷನ್ ಹಚ್ಚಿ ಹೊಂದಿಸುತ್ತಿದ್ದ. ಪುಸ್ತಕದ ಒಡೆಯನೇ ಹುಡುಕಿದರೂ ಆ ಪುಟ ಯಾವುದೆಂದು ಸಿಗುತ್ತಿರಲಿಲ್ಲ. ಊರಲ್ಲಿ ಅವನಿಗೆ ಮರ್ಯಾದೆ ಇದ್ದದ್ದೇ ಆ ಕೈಚಳಕಕ್ಕೆ. ಫೋನು ಕೆಳಗಿಟ್ಟು, ಸತ್ತ ಸಸಿಯೊಂದರ ಎಲೆಯನ್ನು ಕಾಗದದ ನಡುವೆ ಮಡಿಸಿಕೊಂಡು, ಮರುದಿನ ಓದಿಗೂ ಹೋಗದೆ ನರ್ಸರಿಗೆ ಹೋದ.

“ಯಾವ ಬದನೆ ಬೇಕು ಸ್ವಾಮಿ? ಉದ್ದ, ಗುಂಡು, ನೇರಳೆ, ಬಿಳಿ?” ನರ್ಸರಿಯವನು ಕೇಳಿದ.

“ಎಲೆ ಹೀಗಿರ್ಬೇಕು.” ಕಾಗದ ಬಿಡಿಸಿ ತೋರಿಸಿದ.

“ಇದೊಳ್ಳೆ ಕತೆ! ಹಾಲೆಷ್ಟು ಕೊಡತ್ತೆ ಅಂತ ಕೇಳದೆ ಹಸುವಿನ ಬಾಲ ಅಳೆದ ಹಾಗಾಯ್ತಲ್ಲ. ಕಾಯಿ ಯಾವ್ದು ಬೇಕು ಹೇಳಿ.”

“ಕಾಯಿ ಯಾವ್ದಾದ್ರೂ ಆಗ್ಲಿ. ನಾಲ್ಕು ಎಲೆ ಇರೋವು ಇಪ್ಪತ್ತೆರಡು ಕೊಡಿ. ಅದ್ರಲ್ಲೊಂದು ಸೊಟ್ಟಗಿರ್ಲಿ.”

“ಸೊಟ್ಟಗಾ?”

“ಎಡಕ್ಕೆ ಬಾಗಿರ್ಬೇಕು.”

ನರ್ಸರಿಯವನು ಅವನ ಮುಖವನ್ನೇ ನೋಡಿದ. “ಇಪ್ಪತ್ತು ವರ್ಷದಿಂದ ಸಸಿ ಮಾರ್ತಿದ್ದೀನಿ. ಸೊಟ್ಟಂದೇ ಬೇಕು ಅಂತ ಕೇಳಿದೋರು ನೀವೇ ಮೊದಲು. ತಗೊಳ್ಳಿ, ಇದು ಸೊಟ್ಟಗಿದೆ. ಬೇಕಿದ್ರೆ ಇನ್ನೂ ನಾಲ್ಕು ಸೊಟ್ಟದ್ದು ಕೊಡ್ತೀನಿ, ಯಾರೂ ಒಯ್ಯಲ್ಲ.”

ಸತ್ತವನ್ನು ಕಿತ್ತು, ಗೊಬ್ಬರದ ಗುಂಡಿಯಲ್ಲಿ ಒಣ ಎಲೆಯ ಕೆಳಗೆ ಹುಗಿದ. ಹೊಸವನ್ನು ಅದೇ ಗುಳಿಗಳಲ್ಲಿ, ಅದೇ ಏರುಪೇರಿನ ಅಂತರದಲ್ಲಿ, ಸೊಟ್ಟದ್ದನ್ನು ಸತ್ತ ಸೊಟ್ಟ ಸಸಿ ಇದ್ದ ಮೂಲೆಯಲ್ಲೇ ಎಡಕ್ಕೆ ಬಾಗಿಸಿ ನೆಟ್ಟ. ಉಳಿದ ದಿನಗಳಲ್ಲಿ ಒಂದು ಬೆಳಗೂ ತಪ್ಪಲಿಲ್ಲ. ಏಳರೊಳಗೆ, ಚೊಂಬಿನಲ್ಲಿ, ಒಂದು ಸಸಿಗೆ ಒಂದು ಪದ್ಯ. ಕಳ್ಳ ಪುಟವನ್ನು ಅಮ್ಮನ ಪದ್ಯದ ಗೋಂದಿನಿಂದಲೇ ಅಂಟಿಸುತ್ತಿದ್ದೇನೆ ಎಂದು ಅವನಿಗೆ ಹೊಳೆದದ್ದು ಮೂರನೆಯ ದಿನ. ಹೊಳೆದ ಮೇಲೆ ಪದ್ಯ ಬಾಯಿಗೆ ಬರಲಿಲ್ಲ. ಸುಮ್ಮನೆ ಅಂಕಿ ಎಣಿಸಿಕೊಂಡು ಹಾಕಿದ.

ಅತ್ತಿಗೆ ಬಂದವರು ಚೀಲವನ್ನು ಬಾಗಿಲಲ್ಲೇ ಇಟ್ಟು, ಚಪ್ಪಲಿ ಸಮೇತ ಹಿತ್ತಲಿಗೆ ನಡೆದರು. ಬಗ್ಗಿ, ಬೆರಳು ಮಾಡಿ ಎಣಿಸಿದರು.

“ಇಪ್ಪತ್ತೆರಡೂ ಇವೆಯಲ್ಲೋ! ದಾರಿ ತುಂಬ ಮನಸ್ಸು ಹಿಂಡ್ತಿತ್ತು ನಂಗೆ, ಈ ಬಿಸಿಲಿಗೆ ಅರ್ಧ ಹೋಗಿರ್ತಾವೆ ಅಂತ. ನೋಡು ನೋಡು, ನಮ್ಮ ಸೊಟ್ಟಪ್ಪ! ಇನ್ನೂ ಹಾಗೇ ನಿಂತಿದ್ದಾನೆ, ಬುದ್ಧಿ ಬರ್ಲಿಲ್ಲ ಇವ್ನಿಗೆ.”

ಬೈಂಡರ್ ಗೋಡೆಗೆ ಒರಗಿ ನಿಂತ.

“ಮಣ್ಣು ಯಾರೋ ಕೆದಕಿದ ಹಾಗಿದೆಯಲ್ಲ?” ಎಂದರು ಅತ್ತಿಗೆ.

“ನಾನೇನೂ ಮಾಡಿಲ್ಲ!”

ಅತ್ತಿಗೆ ತಿರುಗಿ ನೋಡಿ ನಕ್ಕರು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಯಾರಪ್ಪ ನಿನ್ನ ಬೈದ್ರು? ಸಡಿಲ ಮಾಡಿದ್ದೀಯ, ಒಳ್ಳೇದೇ ಆಯ್ತು ಅಂದೆ.”

ಆ ನಗು ಅವನಿಗೆ ಪೈಪಿನ ನೀರಿಗಿಂತ ಹೆಚ್ಚು ಸುಟ್ಟಿತು. ಬೈದಿದ್ದರೆ ಬಾಯಿ ಬಿಡುತ್ತಿದ್ದನೇನೋ. ಹೊಗಳಿದ ಬಾಯಿಗೆ ಎದುರು ಹೇಳುವುದು ಹೇಗೆ? ಅತ್ತಿಗೆ ಹೊಗಳಿಕೆಯನ್ನು ಅಲ್ಲಿಗೇ ನಿಲ್ಲಿಸಲೂ ಇಲ್ಲ. ಹಾಲಿನವನಿಗೆ ಹೇಳಿದರು, ಎದುರುಮನೆಯವರಿಗೆ ಹೇಳಿದರು, ಬಟ್ಟೆ ಒಣಹಾಕುತ್ತ ಗೋಡೆಯಾಚೆಗೂ ಹೇಳಿದರು. “ನಮ್ಮ ಮೈದುನ ಬರೀ ಪುಸ್ತಕದ ಹುಳ ಅನ್ಕೊಂಡಿದ್ದೆ. ಮಕ್ಕಳ ಹಾಗೆ ಸಾಕಿದ್ದಾನೆ ನೋಡಿ.” ಅಂಗಡಿಗೆ ಹೋಗುವ ದಾರಿಯಲ್ಲಿ ಎದುರುಮನೆಯವರು ತಡೆದು, ತಮ್ಮ ಮೆಣಸಿನ ಗಿಡದ ಎಲೆ ಮುದುಡುತ್ತಿದೆ, ಏನು ಮಾಡುವುದು ಎಂದು ಇವನ ಸಲಹೆ ಕೇಳಿದರು. ಬೈಂಡರ್ ನೆರಳಲ್ಲಿಡಿ ಎಂದು ಹೇಳಿ, ತಲೆ ತಗ್ಗಿಸಿ ನಡೆದ.

ಬೈಂಡರ್ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟೇ ಏಳತೊಡಗಿದ. ಅತ್ತಿಗೆ ಅದನ್ನೂ ಬಿಸಿಲಿನ ಲೆಕ್ಕಕ್ಕೇ ಹಾಕಿ, ದಿನಾ ಎರಡು ಹೊತ್ತು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು. ಪಾನಕ ಕುಡಿಯುವಾಗ ಅವನಿಗೆ ಕಣ್ಣೆತ್ತಲು ಆಗುತ್ತಿರಲಿಲ್ಲ. ಓದಿನ ಕೊನೆಯ ದಿನವೂ ಅವನು ಹಾಲಿನ ಹೊರಗೆ ಮರದ ಕೆಳಗೇ ನಿಂತಿದ್ದ. ಕಿಟಕಿಯಿಂದ ರಾಗ ತೇಲಿ ಬರುತ್ತಿತ್ತು. ಕೇಳಿದರೆ ಪಾಪ ಸವೆಯುತ್ತದೆ ನಿಜ. ಆದರೆ ತಾನು ಪಾಪ ಮಾಡಿದ್ದೇ ಕೇಳುತ್ತ ಕೂತು. ಆ ಪಾಪವನ್ನು ಯಾವ ಪದ್ಯಕ್ಕೆ ಒಪ್ಪಿಸುವುದು?

ಸಸಿಗಳನ್ನು ಪೆಟ್ಟಿಗೆಯಿಂದ ನೆಲಕ್ಕೆ ಇಳಿಸುವ ಹೊತ್ತು ಬಂತು. ಅತ್ತಿಗೆ ಹಿತ್ತಲಿನ ಅತ್ಯುತ್ತಮ ಜಾಗವನ್ನು ಅವಕ್ಕೆ ಬಿಟ್ಟುಕೊಟ್ಟರು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನಕ್ಕೆ ಗೋಡೆಯ ನೆರಳು ಬರುವ ಜಾಗ ಅದು. ಅಲ್ಲಿದ್ದ ತಮ್ಮ ಗುಲಾಬಿಯನ್ನು ಕಿತ್ತು ಕುಂಡಕ್ಕೆ ಹಾಕಿದರು. ಗುಲಾಬಿ ಆ ಕಾಲದಲ್ಲಿ ಜಾಗ ಬದಲಿಸಿದ್ದಕ್ಕೆ ಎರಡೇ ದಿನದಲ್ಲಿ ಎಲೆ ಉದುರಿಸಿತು. “ಹೋಗ್ಲಿ ಬಿಡು, ಗುಲಾಬಿ ಎಲ್ಲಾದ್ರೂ ಸಿಗತ್ತೆ. ನಿಮ್ಮಮ್ಮನ ಬದನೆ ಎಲ್ಲಿ ಸಿಗತ್ತೆ?” ಅಂದರು. ನೀರು ಆ ವಾರ ದಿನ ಬಿಟ್ಟು ದಿನ ಬರುತ್ತಿತ್ತು. ಅತ್ತಿಗೆ ತಮ್ಮ ಸ್ನಾನವನ್ನು ಎರಡು ಬಕೆಟ್ಟಿನಿಂದ ಒಂದಕ್ಕೆ ಇಳಿಸಿ, ಉಳಿದ ಬಕೆಟ್ಟನ್ನು ನೋಯುವ ಮಂಡಿಯಲ್ಲಿ ಹಿತ್ತಲಿಗೆ ಹೊತ್ತು ತಂದರು. ಬೈಂಡರ್ ಕೈಚಾಚಿದರೆ, “ನೀನು ಹನ್ನೆರಡು ದಿನ ಮಾಡಿದ್ದೀಯಲ್ಲ, ಇನ್ನು ನನ್ನ ಪಾಳಿ” ಎನ್ನುತ್ತಿದ್ದರು.

ಹೇಗೂ ಕಾಯಿ ಬಿಟ್ಟ ದಿನ ಗೊತ್ತಾಗುತ್ತದೆ. ಅಷ್ಟರೊಳಗೆ ಯಾವುದಾದರೂ ದಿನ ಹೇಳಿದರಾಯಿತು ಎಂದು ಅವನು ದಿನ ದೂಡುತ್ತಿದ್ದ. ಆ ‘ಆಯಿತು’ ಎಷ್ಟು ಕೆಟ್ಟ ಮಾತೆಂದು ಒಮ್ಮೆ ಕಂಡಿದ್ದರೂ ಬುದ್ಧಿ ಬಂದಿರಲಿಲ್ಲ. ಬುಧವಾರ ಬೆಳಿಗ್ಗೆ ಅಕ್ಕನ ಫೋನು ಬಂತು.

ಅಕ್ಕ ಎಂದರೆ ಬೈಂಡರನ ಸ್ವಂತ ಅಕ್ಕ, ಅತ್ತಿಗೆಗೆ ನಾದಿನಿ. ದೂರದ ನಗರದಲ್ಲಿ ಮೂರನೇ ಮಹಡಿಯ ಮನೆ. ಅದನ್ನು ಬಿಟ್ಟು ಇನ್ನೂ ಚಿಕ್ಕ ಮನೆಗೆ ಹೋಗುವವಳಿದ್ದಳು. ಅತ್ತಿಗೆ ಕೈಯೆಲ್ಲ ಮಣ್ಣಾಗಿದ್ದರಿಂದ ಫೋನನ್ನು ಮೆಟ್ಟಿಲ ಮೇಲಿಟ್ಟು, ಸ್ಪೀಕರಿಗೆ ಹಾಕಿ ಮಾತಾಡಿದರು.

“ಅತ್ತಿಗೆ, ಅಡಿಗೆಮನೆ ಖಾಲಿ ಮಾಡ್ತಿದ್ದೆ. ಮೇಲಿನ ಶೆಲ್ಫಲ್ಲಿ ಅಮ್ಮನ ಬದನೆ ಬೀಜದ ಡಬ್ಬಿ ಸಿಕ್ತು. ಮೂರು ವರ್ಷದ ಹಿಂದೆ ನೀವೇ ಕೊಟ್ಟಿದ್ದು. ನಾನು ಎಲ್ಲಿ ಬಿತ್ತಲಿ, ವಾಷಿಂಗ್ ಮಶೀನ್ ಮೇಲಾ? ಒಂದು ಚಿಟಿಕೆ ಇದೆ. ಏನ್ಮಾಡ್ಲಿ?”

“ಮೂರು ವರ್ಷದ್ದಾ? ಹುಟ್ಟತ್ತೋ ಇಲ್ವೋ. ಎಸಿ ಅತ್ಲಾಗೆ. ಇಲ್ಲಿ ಇಪ್ಪತ್ತೆರಡು ಗಿಡ ನಿಂತಿವೆ, ನಿನ್ನ ತಮ್ಮನ ಪುಣ್ಯ. ಮಳೆಗಾಲಕ್ಕೆ ಹೊಸ ಬೀಜ ಬೇಕಾದಷ್ಟು ಬರತ್ತೆ.”

“ನನ್ನ ತಮ್ಮಾನಾ? ಪುಣ್ಯಾನಾ? ಬಿಸಿಲು ಜಾಸ್ತಿ ಆಯ್ತಾ ಅತ್ತಿಗೆ ಅಲ್ಲಿ?”

ಅತ್ತಿಗೆ ನಕ್ಕು ನಕ್ಕು ಮಂಡಿ ಹಿಡಿದುಕೊಂಡರು. ಬೈಂಡರ್ ತನ್ನ ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಚಪ್ಪಲಿ ಕೈಯಲ್ಲಿ ಹಿಡಿದು, ಹಾಗೇ ನಿಂತುಬಿಟ್ಟ. ಲೋಕದಲ್ಲಿ ಅಮ್ಮನ ಬದನೆ ಎಂಬುದು ಇನ್ನು ಉಳಿದಿರುವುದು ಆ ಡಬ್ಬಿಯಲ್ಲಿ ಮಾತ್ರ. ಅದನ್ನು ಎಸೆ ಎಂದು ಅತ್ತಿಗೆಯ ಬಾಯಿಂದಲೇ ಅವನು ಹೇಳಿಸಿದ್ದ.

ಅಂಗಡಿ ಬಾಗಿಲು ತೆಗೆದವನೇ ಅಕ್ಕನಿಗೆ ಫೋನು ಹಚ್ಚಿದ. “ಅಕ್ಕ, ಆ ಬೀಜ ಎಸೀಬೇಡ. ನಂಗೆ ಕಳಿಸು. ಅಂಗಡಿ ವಿಳಾಸಕ್ಕೆ.”

“ನಿಂಗ್ಯಾಕೋ?”

“ಸುಮ್ನೆ. ಅಮ್ಮನ ನೆನಪಿಗೆ.”

“ನೆನಪಿಗೆ ಫೋಟೋ ಇದೆಯಲ್ಲ ಗೋಡೆ ಮೇಲೆ. ಜನ್ಮದಲ್ಲಿ ಒಂದು ಗಿಡಕ್ಕೆ ನೀರು ಹಾಕಿದ್ದೀಯಾ ನೀನು? ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಿಂಗೆ ಎರಡನೇದೊಂದೇ ಗೊತ್ತು.”

“ಕಳಿಸ್ತೀಯೋ ಇಲ್ವೋ ಹೇಳು.”

ಆ ಕಡೆ ಪಾತ್ರೆ ಜೋಡಿಸುವ ಸದ್ದು ನಿಂತಿತು. ಅಕ್ಕ ದನಿ ಇಳಿಸಿದಳು. ಅವಳು ದನಿ ಇಳಿಸಿದರೆ ಚಿಕ್ಕಂದಿನಿಂದಲೂ ಅವನಿಗೆ ಭಯ. “ಅತ್ತಿಗೆ ಬೇಡ ಅಂದಿದ್ದನ್ನ ನೀನು ಕದ್ದು ಕೇಳ್ತಿದ್ದೀಯ. ಏನೋ ಮಾಡಿದ್ದೀಯ.”

“ಏನೂ ಇಲ್ಲಕ್ಕ.”

“ಏನೂ ಇಲ್ಲದಿದ್ರೆ ಬೀಜಾನೂ ಇಲ್ಲ. ಅದು ಅಮ್ಮ ಅತ್ತಿಗೆಗೆ ಕೊಟ್ಟಿದ್ದು. ಅತ್ತಿಗೆ ತಮ್ಮ ಬಾಯಲ್ಲಿ ‘ಕಳಿಸು’ ಅನ್ಲಿ, ಕಳಿಸ್ತೀನಿ. ಭಾನುವಾರ ಲಾರಿ ಬರತ್ತೆ. ಶನಿವಾರ ಸಂಜೆವರೆಗೂ ಡಬ್ಬಿ ಕಿಟಕೀಲಿ ಇರತ್ತೆ. ಆಮೇಲೆ ನಂಗೆ ಗೊತ್ತಿಲ್ಲ.”

ಗುರುವಾರ ಹೇಳಬೇಕೆಂದುಕೊಂಡ. ಅತ್ತಿಗೆಗೆ ತಲೆನೋವಿತ್ತು. ಶುಕ್ರವಾರ ಎದುರುಮನೆಯವರು ಬಂದು ಕೂತರು. ನೆಪಗಳಿಗೇನು, ಬೇಸಿಗೆಯ ಹುಲ್ಲಿನಂತೆ ನೀರಿಲ್ಲದೆಯೂ ಬೆಳೆಯುತ್ತವೆ.

ಶನಿವಾರ ಅಂಗಡಿಯಲ್ಲಿ ಅವನ ಸೂಜಿ ಮೂರು ಸಲ ಬೆರಳಿಗೆ ಚುಚ್ಚಿತು. ನಾಲ್ಕು ಗಂಟೆಗೆ ಬಾಗಿಲು ಹಾಕಿ ಮನೆಗೆ ಬಂದ. ಬಿಸಿಲು ಇನ್ನೂ ಇಳಿದಿರಲಿಲ್ಲ. ಹಿತ್ತಲಲ್ಲಿ ಅತ್ತಿಗೆ ಬಕೆಟ್ಟಿನ ಪಕ್ಕ ನೆಲದ ಮೇಲೇ ಕೂತಿದ್ದರು. ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಗಿಡಗಳಿಗೆ ಬೆಡ್‌ಶೀಟು ಎತ್ತಿ ಕಟ್ಟಲು ಹೋಗಿ ತಲೆ ಸುತ್ತಿತ್ತಂತೆ.

“ಅತ್ತಿಗೆ!”

“ಏನಿಲ್ಲಪ್ಪ, ಕೂಗ್ಬೇಡ. ಒಂದ್ನಿಮಿಷ ಕತ್ತಲೆ ಬಂತು. ಬಿಸಿಲು ಇವಕ್ಕೆ ನೇರ ಹೊಡೀತಿತ್ತು, ನೋಡ್ತಾ ಹ್ಯಾಗೆ ಕೂರ್ಲಿ?”

ಅವರನ್ನು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದ. ನೀರು ತಂದುಕೊಟ್ಟ. ಒದ್ದೆ ಟವೆಲ್ಲನ್ನು ಕತ್ತಿಗೆ ಹಾಕಿದ. ಅತ್ತಿಗೆ ನಿಧಾನವಾಗಿ ನೀರು ಕುಡಿದು, ಲೋಟ ಕೆಳಗಿಟ್ಟು, ಗಿಡಗಳ ಕಡೆ ಕೈ ತೋರಿಸಿದರು. “ಬಕೆಟ್ಟಲ್ಲಿ ಅರ್ಧ ನೀರಿದೆ. ಆ ಕೊನೇ ನಾಲ್ಕಕ್ಕೆ ಹಾಕ್ಲಿಲ್ಲ ನಾನು.”

“ಅತ್ತಿಗೆ, ಅವು ಅಮ್ಮನವಲ್ಲ.”

“ಮತ್ಯಾರವು, ನಿನ್ನವಾ? ಆಯ್ತಪ್ಪ, ಸಾಕಿದೋನು ನೀನೇ, ನಿನ್ನವೇ.”

“ಹಾಗಲ್ಲ.” ಅವನು ಮೆಟ್ಟಿಲ ಕೆಳಗೆ ನೆಲದ ಮೇಲೆ ಕೂತ. ನಿಂತು ಹೇಳುವ ಮಾತಾಗಿರಲಿಲ್ಲ ಅದು. “ಅಮ್ಮನವು ಸತ್ತುಹೋದ್ವು. ನಾನೇ ಸಾಯಿಸ್ದೆ. ಇವು ನರ್ಸರಿಯವು.”

ಅತ್ತಿಗೆ ಮೊದಲು ನಗಲು ಹೋದರು. ಅವನ ಮುಖ ನೋಡಿ ನಗು ಅರ್ಧದಲ್ಲೇ ನಿಂತಿತು. ಕಣ್ಣು ಗಿಡಗಳ ಮೇಲೆ ಒಂದೊಂದಾಗಿ ಹರಿದು, ಮೂಲೆಯ ಸೊಟ್ಟ ಗಿಡದ ಹತ್ತಿರ ನಿಂತಿತು.

“ಅದು?”

“ಅದೂ. ಕೇಳಿ ತಂದೆ.”

ಅತ್ತಿಗೆ ಒದ್ದೆ ಟವೆಲ್ಲನ್ನು ಕತ್ತಿನಿಂದ ತೆಗೆದು ಮಡಿಸಿಟ್ಟರು. ಆಮೇಲೆ ಕೇಳಿದ ಪ್ರಶ್ನೆಗಳು ಸಣ್ಣವು, ಒಣಗಿದವು.

“ಯಾವತ್ತು?”

“ನೀವು ಹೋದ ಆರನೇ ದಿನ.”

“ಹ್ಯಾಗೆ?”

“ಪೈಪು. ಮಧ್ಯಾಹ್ನ. ಒಳಗಿನ ನೀರು ಕಾದಿತ್ತು.”

“ಪೈಪು ಮುಟ್ಬೇಡ ಅಂದಿದ್ದೆ.”

“ಅಂದಿದ್ರಿ.”

“ಬೆಳಿಗ್ಗೆ ಎಲ್ಲಿದ್ದೆ?”

“ಓದಿಗೆ ಹೋಗಿದ್ದೆ. ಅದಕ್ಕೂ ಮೊದಲಿನ ಮೂರು ದಿನಾನೂ ಹಾಕಿರ್ಲಿಲ್ಲ.”

“ಏನು ಓದಿದ್ರು ಆವತ್ತು?”

ಬೈಂಡರ್ ಅಂಗೈ ನೋಡಿಕೊಂಡ. “ಮಾತಿಗೆ ತಪ್ಪದ ರಾಜನ ಕತೆ.”

“ಅಳು ಬಂತಾ?”

“ಬಂತು.”

ಅತ್ತಿಗೆ ತಲೆಯಾಡಿಸಿದರು. ಅದು ಕೋಪದ ತಲೆಯಾಡಿಸುವಿಕೆ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹಳೆಯ ಬಟ್ಟೆಯೊಂದು ಇನ್ನು ಹೊಲಿದರೂ ನಿಲ್ಲುವುದಿಲ್ಲ ಎಂದು ಕಂಡಾಗ ಹೆಂಗಸರು ತಲೆಯಾಡಿಸುತ್ತಾರಲ್ಲ, ಅಂಥದ್ದು. “ನೀರು ಕಾದಿದ್ದು ಬಿಡು. ಯಾರ ಕೈಯಲ್ಲಾದ್ರೂ ಆಗತ್ತೆ. ನನ್ನ ಕೈಯಲ್ಲೂ ಒಂದು ವರ್ಷ ಬೂದಿ ಜಾಸ್ತಿ ಬಿದ್ದು ಅರ್ಧ ಹೋಗಿದ್ವು. ಆದ್ರೆ ನಾನು ಬಂದು ಸೊಟ್ಟಪ್ಪ ಅಂತ ಕರೆದಾಗ ನೀನು ಅಲ್ಲೇ ನಿಂತಿದ್ದೆಯಲ್ಲೋ. ಗುಲಾಬಿ ಕಿತ್ತಾಗ ಗುದ್ದಲಿ ಕೊಟ್ಟಿದ್ದೇ ನೀನು.”

ಬೈಂಡರ್ ನೆಲದ ಮೇಲೆ ಬಿದ್ದಿದ್ದ ಒಣ ಎಲೆಯೊಂದನ್ನು ಎತ್ತಿ ಚೂರು ಚೂರು ಮಾಡಿದ.

ಅತ್ತಿಗೆ ಕೈಯೂರಿ ಎದ್ದರು. ಅವನು ಹಿಡಿಯಲು ಹೋದರೆ ಕೈ ಪಕ್ಕಕ್ಕೆ ಸರಿಸಿದರು. ಬಕೆಟ್ಟಿನ ಹತ್ತಿರ ಹೋಗಿ ಚೊಂಬು ತುಂಬಿಸಿ, ಉಳಿದಿದ್ದ ನಾಲ್ಕು ಗಿಡಗಳ ಬುಡಕ್ಕೆ ನೀರು ಹಾಕಿದರು. ಅದೇ ದಾರದಂಥ ಧಾರೆ, ಅದೇ ಪದ್ಯದಷ್ಟು ಹೊತ್ತು. “ಇವೇನು ಮಾಡಿವೆ ಪಾಪ” ಎಂದರು, ಗಿಡಗಳಿಗೋ ತಮಗೋ. ಚೊಂಬನ್ನು ಕವುಚಿ ಹಾಕಿ ಬಂದು, ಸೆರಗಿಗೆ ಕೈ ಒರೆಸಿಕೊಂಡರು.

“ಅತ್ತಿಗೆ, ಅಕ್ಕನ ಹತ್ರ ಡಬ್ಬಿ ಇನ್ನೂ ಇದೆ. ಎಸೆದಿಲ್ಲ. ಇವತ್ತು ಸಂಜೆವರೆಗೂ ಇಟ್ಟಿರ್ತೀನಿ ಅಂದಿದ್ದಾಳೆ. ನೀವು ‘ಕಳಿಸು’ ಅಂದ್ರೆ ಸಾಕು.”

“ಅವಳಿಗೆ ಮೊದಲೇ ಹೇಳಿದ್ದೀಯಾ?”

“ಹೇಳಿಲ್ಲ. ಕೇಳಿದ್ದೆ. ಯಾಕೆ ಅಂತ ಹೇಳ್ಲಿಲ್ಲ.”

“ಹೂಂ.” ಅತ್ತಿಗೆ ಒಳಗೆ ಹೋಗಿ ಫೋನು ತಂದರು. ಕನ್ನಡಕ ಹಾಕಿಕೊಂಡು ನಾದಿನಿಯ ನಂಬರು ಒತ್ತಿ, ಮೆಟ್ಟಿಲ ಮೇಲೆ ಕೂತರು. ಸ್ಪೀಕರಿನಿಂದ ಆ ಕಡೆಯ ಗಂಟೆ ಬಾರಿಸುವುದು ಕೇಳಿಸಿತು. ಒಂದು ಸಲ. ಎರಡು ಸಲ.

ಎದೆಯ ಮೇಲಿನ ಕಲ್ಲು ಇಳಿಯಿತು ಎಂದು ಬೈಂಡರ್ ಆಗಷ್ಟೇ ಅಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ಅಕ್ಕನ ಇಳಿಸಿದ ದನಿ ನೆನಪಾಯಿತು. ಅವಳ ಬಾಯಿಗೆ ಬಿದ್ದರೆ ಅವಳ ಮಕ್ಕಳಿಗೆ ಗೊತ್ತಾಗುತ್ತದೆ, ಅವರಿಂದ ನೆಂಟರಿಷ್ಟರಿಗೆಲ್ಲ. ಅಮ್ಮನ ಬೀಜ ಬೇಯಿಸಿದವನು ಎಂದೇ ಅವನನ್ನು ಸಾಯುವತನಕ ಕರೆಯುತ್ತಾರೆ. ಯೋಚಿಸುವ ಮೊದಲೇ ಮಾತು ಬಾಯಿಂದ ಜಾರಿತು.

“ಅತ್ತಿಗೆ, ಒಂದೇ ಒಂದು ಕೇಳ್ತೀನಿ. ಅಕ್ಕನಿಗೆ ಬಿಸಿಲಿಗೆ ಒಣಗಿಹೋದ್ವು ಅಂತ ಹೇಳಿಬಿಡಿ. ಅಷ್ಟೇ. ಹೇಗೂ ಬಿಸಿಲೇ ಅಲ್ವಾ ನೀರು ಕಾಯಿಸಿದ್ದು.”

ಮೂರನೆಯ ಸಲ ಗಂಟೆ ಬಾರಿಸಿತು. ಅತ್ತಿಗೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು.

“ಆ ಸುಳ್ಳು ನಾನು ಹೇಳಲ್ಲ.”